ದಾರದ ಎರಡು ತುದಿ

"ಹಿಡಿದ್ಯಾ ಅಣ್ಣಾ?"

ರಸ್ತೆಯ ಈ ಅಂಚಿನಿಂದ ಕೂಗು ಹೋಗುತ್ತದೆ. ಆ ಅಂಚಿನಿಂದ ಉತ್ತರ ಬರುವವರೆಗೆ ಕೂಗಿದವಳು ಅಲ್ಲಾಡುವುದಿಲ್ಲ. ಬೆಳಕು ಈಗಷ್ಟೇ ಹರಿಯುತ್ತಿದೆ, ಬೀದಿದೀಪಗಳು ಇನ್ನೂ ಆರಿಲ್ಲ. ಶಾಲೆಯ ಗೇಟಿನ ಮುಂದೆ ವಾಹನಗಳನ್ನು ತಡೆಯಲು ಕೆಂಪು ಕೋನ್‌ಗಳನ್ನು ನಿಲ್ಲಿಸಿದ್ದಾರೆ. ಫುಟ್‌ಪಾತಿಗೆ ಒತ್ತಿಕೊಂಡಂತೆ ಇಟ್ಟ ಮೋಟು ಸ್ಟೂಲಿನ ಮೇಲೆ ಕೂತ ಗಂಡಸು ಬಾಗಿ, ಎಡಗೈ ಹೆಬ್ಬೆರಳಿಗೆ ಸುತ್ತಿಕೊಂಡ ದಾರವನ್ನು ನೆಲಕ್ಕೆ ಒತ್ತುತ್ತಾನೆ. ತುಟಿ ಕೂಡಿಸಲು ಒಂದಿಷ್ಟು ಹೊತ್ತು ಹೆಣಗುತ್ತಾನೆ. ಆಮೇಲೆ ಒಂದೇ ಮಾತು ಹೊರಬರುತ್ತದೆ.

"ಹಿಡಿದೆ."

ಅವಳು ತನ್ನ ತುದಿಯ ಮೇಲೆ ಇಟ್ಟಿಗೆ ಹೇರಿ, ನಡುರಸ್ತೆಗೆ ಬಂದು, ನೀಲಿ ಪುಡಿ ಸವರಿದ ದಾರವನ್ನು ಎರಡು ಬೆರಳಲ್ಲಿ ಎತ್ತಿ ಬಿಡುತ್ತಾಳೆ. ಟಪ್ ಎಂದು ಸದ್ದು. ಕಪ್ಪು ಡಾಂಬರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ನೀಲಿ ಗೆರೆಯೊಂದು ಮೂಡುತ್ತದೆ. ಇನ್ನು ಬಿಳಿ ಬಣ್ಣದ ಡಬ್ಬಿ ತೆರೆಯಬಹುದು.

ಅವಳನ್ನು ಎಲ್ಲರೂ ಗೀಟಕ್ಕ ಎಂದೇ ಕರೆಯುತ್ತಾರೆ. ಉದ್ದನೆಯ ಹೆದ್ದಾರಿಗೆ ಬಣ್ಣ ಬಳಿಯಲು ಯಂತ್ರಗಳು ಬಂದು ಬಹಳ ಕಾಲವಾಯಿತು. ಆದರೆ ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳ ಮುಂದೆ ಜನ ದಾಟುವ ಪಟ್ಟೆಗಳಿಗೆ ಇವತ್ತಿಗೂ ಕೈಯೇ ಬೇಕು, ದಾರವೇ ಬೇಕು. ದಿನಕ್ಕೊಂದು ದಾಟುಪಟ್ಟೆ, ಬಿಸಿಲು ಕರುಣೆ ತೋರಿದರೆ ಎರಡು. ನೀವು ನಿನ್ನೆ ಯಾವುದೋ ಬೀದಿಯನ್ನು ನಿಶ್ಚಿಂತೆಯಿಂದ ದಾಟಿದ್ದರೆ, ನಿಮ್ಮ ಕಾಲಡಿಯಲ್ಲಿ ಇಂಥದೇ ಒಂದು ನೀಲಿ ಗೆರೆ ಅಡಗಿ ಕೂತಿತ್ತು.

ಕಸುಬು ಕಲಿಸಿದವನು ಅಣ್ಣ. ಆಗ ಕೂಗುತ್ತಿದ್ದವನು ಅವನು, ಓಗೊಡುತ್ತಿದ್ದವಳು ಇವಳು. "ಹಿಡಿದ್ಯಾ ತಂಗೀ?" "ಹಿಡಿದೆ ಅಣ್ಣಾ." ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಪದದ ಹಾಗೆ ಈ ಎರಡು ಸಾಲು ಎಷ್ಟು ಬೀದಿಗಳಲ್ಲಿ ಕೇಳಿಸಿತೋ ಲೆಕ್ಕವಿಲ್ಲ.

ನಲವತ್ತು ದಾಟಿ ಕೆಲವು ವರ್ಷವಾದಾಗ ಅಣ್ಣನ ಗೆರೆ ವಾಲತೊಡಗಿತು. ಮೊದಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಗಲ. ಇಬ್ಬರೂ ಕೂತು ಯೋಚಿಸಿ ದಾರವನ್ನು ದೂರಿದರು. "ಹಳೇ ದಾರ, ಹಿಗ್ಗಿಬಿಟ್ಟಿದೆ ಅಂದ್ಕೊಂಡ್ವಿ. ಹೊಸದು ತಂದ್ವಿ. ಅದೂ ವಾಲ್ತು. ಇನ್ನೊಂದು ತಂದ್ವಿ. ಅಂಗಡಿಯವನು ನಗ್ತಿದ್ದ, ಏನಕ್ಕಾ, ದಾರ ತಿಂತೀರಾ ಅಂತ. ಕೈ ಸೊಟ್ಟ ಆಗ್ತಿದೆ ಅಂತ ನಮಗೆ ಹೊಳೀಲೇ ಇಲ್ಲ," ಎನ್ನುತ್ತಾಳೆ ಗೀಟಕ್ಕ. ಕೆಲಸ ಮಾಡಿಸುವ ಮೇಸ್ತ್ರಿಗೆ ಬೇರೆಯದೇ ಹೊಳೆಯಿತು. "ಬೆಳಗ್ಗೆ ಬೆಳಗ್ಗೇನೇ ಹಾಕ್ಕೊಂಡ್ ಬಂದಿದ್ದೀಯೇನಯ್ಯಾ?" ಎಂದು ಎಲ್ಲರ ಎದುರಿಗೇ ಕೇಳಿಬಿಟ್ಟ. ಗೀಟಕ್ಕ ಬಿಡಲಿಲ್ಲ: "ಟೀಗೆ ಸಕ್ಕರೆ ಜಾಸ್ತಿಯಾದ್ರೇ ತಲೆ ಸುತ್ತುತ್ತೆ ಅನ್ನೋ ಮನುಷ್ಯ ಮೇಸ್ತ್ರೀ ಅವನು. ನೀವೇ ಬಂದು ಬಾಯಿ ಮೂಸಿ ನೋಡಿ."

ಒಂದು ಬೆಳಗ್ಗೆ ದಾರದ ತುದಿ ಸಡಿಲವಾಯಿತು. ತಿರುಗಿ ನೋಡಿದರೆ ಅಣ್ಣ ರಸ್ತೆಯ ಮೇಲೆ ಒರಗಿದ್ದ. ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಣ್ಣನ ಮಿದುಳಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಂಥ ರಕ್ತನಾಳಗಳ ಗೋಡೆ ಕೆಡುತ್ತಾ, ಒಳದಾರಿ ಕಿರಿದಾಗುತ್ತಾ ಬರುವ ರೋಗ. ಹುಟ್ಟಿನಿಂದ ಬಂದದ್ದು, ಹೆತ್ತವರಿಂದ ಇಳಿಯುವಂಥದ್ದು. ಅಷ್ಟು ಹೇಳಿ ಅವರು ಬಾಗಿಲ ಬಳಿ ನಿಂತಿದ್ದ ಗೀಟಕ್ಕನ ಕಡೆ ತಿರುಗಿದರು. "ನಿಮಗೇನಾದ್ರೂ ತೊಂದರೆ ಇದ್ಯಾಮ್ಮಾ?"

"ನನಗೇನಿಲ್ಲ ಡಾಕ್ಟ್ರಮ್ಮಾ. ಒಂದು ತಲೆನೋವು, ಅಷ್ಟೇ."

ಆ 'ಅಷ್ಟೇ' ಅವಳಿಗೆ ಹರೆಯದಿಂದಲೂ ಇತ್ತು. ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಏಳುತ್ತಿತ್ತು. ಅದು ಮಿನುಗುತ್ತ ದೊಡ್ಡದಾಗಿ, ಆರುತ್ತಿದ್ದಂತೆಯೇ ಅರ್ಧ ತಲೆ ಸಿಡಿಯುತ್ತಿತ್ತು. ಬಣ್ಣ ಬಳಿಯುವವರೆಲ್ಲ ಅದಕ್ಕೆ ಕಾರಣ ಹುಡುಕಿಕೊಟ್ಟಿದ್ದರು: ಬಿಳಿ ಬಣ್ಣದ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಎಲ್ಲರಿಗೂ ಹಾಗೇ. ಕಪ್ಪು ಕನ್ನಡಕ ಕೊಂಡಳು, ಟೋಪಿಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಳು. ಮಳೆಗಾಲದಲ್ಲಿ ಬಣ್ಣದ ಕೆಲಸ ನಿಂತು ಮನೆಯೊಳಗೇ ಕೂತಾಗಲೂ ಆ ಗರಗಸ ಏಳುತ್ತಿತ್ತಲ್ಲ ಎನ್ನುವುದು ಅವಳಿಗೆ ನೆನಪಾದದ್ದು ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಕೇಳಿದಾಗ.

ಅವಳನ್ನೂ ಪರೀಕ್ಷೆ ಮಾಡಿದರು. ಅದೇ ರೋಗ.

"ಹಾಗಾದ್ರೆ ಅಣ್ಣ ಬಿದ್ದ, ನಾನ್ಯಾಕೆ ನಿಂತಿದ್ದೀನಿ?" ಗೀಟಕ್ಕ ಕೇಳಿದ್ದು ಇದೊಂದನ್ನೇ.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಒಂದೇ ರೋಗವಾದರೂ ಗಂಡಸರಲ್ಲಿ ಹೆಂಗಸರಲ್ಲಿ ಅದು ನಡೆಯುವ ದಾರಿ ಅನೇಕ ಸಲ ಬೇರೆ ಎಂದರು. ಹೆಂಗಸರಲ್ಲಿ ಎಷ್ಟೋ ವರ್ಷ ಇಂಥ ತಲೆನೋವಾಗಿಯೇ ಇರಬಹುದು. ಗಂಡಸರಲ್ಲಿ ಪಾರ್ಶ್ವವಾಯು ಬೇಗ ಬರುವುದು ಹೆಚ್ಚು, ಆಮೇಲೆ ನೆನಪು, ನಡಿಗೆ ಕುಂದುವುದೂ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಪಾರ್ಶ್ವವಾಯು ಹೆಚ್ಚುವುದನ್ನು ಕಂಡಿದ್ದಾರೆ. ಯಾಕೆ ಹೀಗೆ ಎನ್ನುವುದನ್ನು ವೈದ್ಯರು ಇನ್ನೂ ಹುಡುಕುತ್ತಿದ್ದಾರೆ. "ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲಮ್ಮ. ಬಿ.ಪಿ. ಏರದ ಹಾಗೆ ನೋಡ್ಕೊಳ್ಳಿ, ತಪ್ಪದೇ ಬಂದು ತೋರಿಸ್ಕೊಳ್ಳಿ. ತಲೆನೋವು ಅಷ್ಟೇ ಅಂತ ಮಾತ್ರ ಇನ್ನು ಅನ್ಬೇಡಿ."

ಆ ದಿನ ಮನೆಗೆ ಬಂದವಳು ಗೋಡೆಯ ಮೇಲಿದ್ದ ಅಮ್ಮನ ಫೋಟೋದ ಎದುರು ನಿಂತಳು. ಅಮ್ಮನಿಗೂ ಹಾಗೇ ತಲೆ ನೋಯುತ್ತಿತ್ತು. ಕಿಟಕಿ ಮುಚ್ಚಿ, ಹಣೆಗೆ ಒದ್ದೆ ಬಟ್ಟೆ ಬಿಗಿದು ಮಲಗುತ್ತಿದ್ದಳು. "ಕೆಲಸ ಅಂದ ಕೂಡ್ಲೇ ಮಹಾರಾಣಿಗೆ ತಲೆನೋವು," ಎಂದು ಅತ್ತೆಯರು ಬಾಗಿಲಾಚೆಯಿಂದ ಚುಚ್ಚುತ್ತಿದ್ದರು. ಅರವತ್ತರ ಹೊತ್ತಿಗೆ ಅಮ್ಮ ಒಲೆ ಹಚ್ಚಿದ್ದು ಮರೆತಳು, ಆಮೇಲೆ ಮಕ್ಕಳ ಹೆಸರು ಮರೆತಳು. ವಯಸ್ಸಾಯಿತು ಎಂದರು ಎಲ್ಲರೂ. "ಅಮ್ಮಂಗೆ ನಾಟಕ ಅಂದ್ರು, ಅಣ್ಣಂಗೆ ಕುಡುಕ ಅಂದ್ರು, ನನಗೆ ಬಿಸಿಲು ಅಂದ್ರು. ಅದು ಮಾತ್ರ ಒಳಗೇ ಕೂತು ತನ್ನ ಕೆಲಸ ಮಾಡ್ತಾನೇ ಇತ್ತು," ಎನ್ನುವಾಗ ಗೀಟಕ್ಕನ ದನಿಯಲ್ಲಿ ಸಿಟ್ಟಿಲ್ಲ.

ಈ ವರ್ಷ ಅವಳ ಮುಟ್ಟು ನಿಂತಿದೆ. ಉಳಿದ ಹೆಂಗಸರು "ಅಬ್ಬಾ, ಪೀಡೆ ತೊಲಗಿತು" ಎನ್ನುವ ಹೊತ್ತು. ಇವಳಿಗೆ ಮಾತ್ರ ಬೆಳಗ್ಗೆ ದಾರ ಬಿಚ್ಚುವಾಗಲೆಲ್ಲ ಭಯ. ಸಾವಿನ ಭಯ ಅಲ್ಲವಂತೆ. ತನ್ನ ಗೆರೆ ವಾಲತೊಡಗಿದರೆ ತನಗೇ ತಿಳಿಯದೆ ಹೋದೀತು, ಮತ್ತೆ ಹೊಸ ದಾರ ಕೊಂಡೇನು ಎಂಬ ಭಯ.

ಅಣ್ಣನಿಗೆ ಈಗ ಮಾತು ಬಹಳ ಕಡಿಮೆ. ಆದರೆ 'ಹಿಡಿದೆ' ಎಂಬುದೊಂದು ಹೋಗಿಲ್ಲ. ಹಾಗಾಗಿ ಅವನನ್ನು ಸ್ಟೂಲಿನ ಜೊತೆಗೆ ಕರೆತಂದು ದಾರದ ತುದಿಗೆ ಕೂರಿಸುತ್ತಾಳೆ. ಇದು ಮೇಸ್ತ್ರಿಗೆ ಸರಿ ಬರುವುದಿಲ್ಲ. ಇವತ್ತಂತೂ ಅವನು ಗಾಡಿಯಿಂದ ಇನ್ನೊಂದು ಇಟ್ಟಿಗೆ ಹಿಡಿದುಕೊಂಡೇ ಇಳಿದಿದ್ದಾನೆ.

"ಗೀಟಕ್ಕಾ, ಬೇಜಾರ್ ಮಾಡ್ಕೋಬೇಡ. ರಸ್ತೆ ಮೇಲೆ ರೋಗೀನ ಕೂರಿಸ್ಕೊಂಡಿದ್ದೀರಾ ಅಂತ ಮೇಲಿನವರು ನನ್ನ ಬೈತಾರೆ. ನಾಳೆಯಿಂದ ಆ ತುದಿಗೂ ಇಟ್ಟಿಗೆ ಇಡು. ದಾರಕ್ಕೇನು, ಇಟ್ಟಿಗೆ ಆದ್ರೂ ಒಂದೇ, ನಿಮ್ಮಣ್ಣ ಆದ್ರೂ ಒಂದೇ."

"ಇಟ್ಟಿಗೆ ಹಿಡಿದೆ ಅನ್ನಲ್ಲ ಮೇಸ್ತ್ರೀ."

"ಅಂದು ಏನಾಗ್ಬೇಕು?"

ಅವಳು ಕುಂಚ ಎತ್ತಿಕೊಳ್ಳುತ್ತಾಳೆ. ಮೊದಲ ಗೆರೆಗೆ ಬಣ್ಣ ಮುಗಿಸಿ, ಪಟ್ಟೆಯ ಇನ್ನೊಂದು ಅಂಚಿಗೆ ದಾರ ಎಳೆಯುತ್ತಾಳೆ. ಅಣ್ಣನ ಸ್ಟೂಲನ್ನು ಸರಿಸಿ ಕೂರಿಸಿ ಬಂದಿದ್ದಾಳೆ. ತನ್ನ ಬದಿಯ ದೀಪದ ಕಂಬದ ಬುಡದಲ್ಲಿ ಬಾಗಿ ತುದಿ ಒತ್ತಿ, ಇಟ್ಟಿಗೆ ಹೇರಿ ಕೂಗುತ್ತಾಳೆ. "ಹಿಡಿದ್ಯಾ ಅಣ್ಣಾ?"

ಉತ್ತರ ಬರುವುದಿಲ್ಲ.

"ಅಣ್ಣಾ?"

ಅವನು ದಾರದ ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದಾನೆ. ಹಿಂದೆ ಗೆರೆ ನೋಡುವಾಗ ಹೀಗೇ ಒಂದು ಕಣ್ಣು ಕಿರಿದು ಮಾಡುತ್ತಿದ್ದ. ತುಟಿ ನಡುಗುತ್ತದೆ. "ಕಂಬ... ಕಂಬದ ಕಡೆ." ಮತ್ತೆ ಹೆಣಗಾಟ. "ತಂಗೀ... ಸೊಟ್ಟ."

ಮೇಸ್ತ್ರಿ ಟೇಪು ಹಿಡಿದು ಬಂದು ಅಳೆಯುತ್ತಾನೆ. ಗೀಟಕ್ಕನ ತುದಿ ಇರಬೇಕಾದದ್ದಕ್ಕಿಂತ ಕಂಬದಿಂದ ನಾಲ್ಕು ಬೆರಳು ದೂರ ಸರಿದಿದೆ. ನಿದ್ದೆ ಸಾಲದ್ದಕ್ಕೋ, ಬೆಳಕು ಸಾಲದ್ದಕ್ಕೋ, ಅವಳು ಅಂಜುತ್ತಿದ್ದದ್ದೇ ಬಂದಿತೋ, ಯಾರು ಬಲ್ಲರು. ಅವಳು ನೆಲದ ಮೇಲೆ ಕುಸಿದು ಕೂರುತ್ತಾಳೆ. ಮುಖ ಮುಚ್ಚಿಕೊಳ್ಳುತ್ತಾಳೆ. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಮಾತ್ರ ನಿಂತಿಲ್ಲ.

"ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗ್ಬೇಕು, ಮೇಸ್ತ್ರೀ. ರಜಾ ಕೊಡಿ. ಡಾಕ್ಟ್ರಮ್ಮಂಗೆ ಇದನ್ನ ಹೇಳ್ಬೇಕು."

ಮೇಸ್ತ್ರಿ ತಲೆಯಾಡಿಸುತ್ತಾನೆ. ಕೈಯಲ್ಲಿದ್ದ ಇಟ್ಟಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಗಳಿಗೆ ನಿಲ್ಲುತ್ತಾನೆ. ಆಮೇಲೆ ರಸ್ತೆ ದಾಟಿ ಹೋಗಿ, ಅಣ್ಣನ ಸ್ವಾಧೀನವಿಲ್ಲದ ಕಾಲು ಜಾರದ ಹಾಗೆ ಅದರ ಮುಂದೆ ಇಟ್ಟಿಗೆಯನ್ನು ಆನಿಸಿ ಇಡುತ್ತಾನೆ. "ಭದ್ರವಾಗಿ ಕೂತ್ಕೋ ಮಾರಾಯಾ. ಮೇಲಿನವರಿಗೆ ನಾನು ಹೇಳ್ಕೋತೀನಿ."

ನಿಮಗೇನು ಆಸೆ ಎಂದು ಕೇಳಿದರೆ ಗೀಟಕ್ಕ ಬಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. "ವಾಸಿಯಾಗೋ ರೋಗ ಅಲ್ಲ ಅಂತ ಗೊತ್ತು. ಯಾರ ಗೆರೆ ಸೊಟ್ಟ ಆದ್ರೂ ಇನ್ನೊಬ್ರು ಬಾಯಿಬಿಟ್ಟು ಹೇಳ್ಬೇಕು, ಅಷ್ಟು ಸಾಕು. ಅಣ್ಣ ಸೊಟ್ಟ ಆದಾಗ ಹೇಳೋರಿರ್ಲಿಲ್ಲ. ನನಗಿದ್ದಾನೆ."

ತುದಿಯನ್ನು ಕಂಬದ ಕಡೆಗೆ ಸರಿಸಿ ಒತ್ತುತ್ತಾಳೆ. ಶಾಲೆಯ ಕಾವಲುಗಾರ ಗೇಟಿನ ಚಿಲಕ ತೆಗೆಯುತ್ತಿದ್ದಾನೆ, ಮಕ್ಕಳು ಬರುವ ಮುಂಚೆ ಬಣ್ಣ ಒಣಗಬೇಕು. ಅವಳು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಆ ಬದಿಯಿಂದಲೇ ದನಿ ಬರುತ್ತದೆ. ತೊದಲು ದನಿ, ಆದರೂ ರಸ್ತೆಯನ್ನು ಪೂರ್ತಿ ದಾಟಿಬರುವ ದನಿ.

"ಹಿಡಿದ್ಯಾ... ತಂಗೀ?"

"ಹಿಡಿದೆ ಅಣ್ಣಾ."