ಅಕ್ಕ ತಿಕ್ಕಿದ ಕಾವಲಿ

ನಾನು ಚಿಕ್ಕವಳಿದ್ದಾಗ ಅಕ್ಕ ನನಗೆ ನೀರುದೋಸೆ ಎರೆಯಲು ಕಲಿಸಿದ್ದು ಪ್ರೀತಿಯಿಂದಲ್ಲ. ತನಗೆ ಓದಲು ಪುತ್ತೂರಿಗೆ ಹೋಗಬೇಕಿತ್ತು, ಅದಕ್ಕೆ.

ನಮ್ಮ ಮನೆ ಗುತ್ತಿಗಾರಿನ ಬದಿಯಲ್ಲಿ. ಆ ವರ್ಷ ತಮ್ಮ ಹುಟ್ಟಿದ ಮೇಲೆ ಅಮ್ಮನಿಗೆ ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಒಬ್ಬಳು ಶಾಲೆ ಬಿಟ್ಟು ಅಡಿಗೆಗೆ ನಿಲ್ಲಬೇಕೆಂದು ಅಪ್ಪ ಹೇಳಿದ್ದರಂತೆ. ಅದು ಅಕ್ಕನ ಕಿವಿಗೆ ಬಿದ್ದಿತ್ತು, ನನ್ನ ಕಿವಿಗೆ ಬಿದ್ದಿರಲಿಲ್ಲ.

ಬೇಸಗೆ ರಜೆಯಿಡೀ ಅಕ್ಕ ನನ್ನನ್ನು ಕಾವಲಿಯ ಮುಂದೆ ಕೂರಿಸಿದಳು. ನಮ್ಮದು ಕಬ್ಬಿಣದ ಕಾವಲಿ. ಅದನ್ನು ತೊಳೆಯುವ ಕ್ರಮ ಇರಲಿಲ್ಲ, ತೊಳೆದರೆ ದೋಸೆ ಅಂಟುತ್ತದೆ; ಬಟ್ಟೆಯಲ್ಲಿ ಒರೆಸುವುದು ಅಷ್ಟೆ. ಎಣ್ಣೆ ಕುಡಿದು ಕುಡಿದು ಅದು ಎಮ್ಮೆಯ ಬೆನ್ನಿನಂತೆ ಕಪ್ಪಗೆ ಹೊಳೆಯುತ್ತಿತ್ತು. ಬೆರಳಿನಿಂದ ನೀರು ಚಿಮುಕಿಸಬೇಕು. ಬಿಸಿ ಸಾಲದಿದ್ದರೆ ಹನಿ ಕೂತಲ್ಲೇ ಚುಂಯ್ ಎಂದು ಆರುತ್ತದೆ; ಸರಿಯಾಗಿ ಕಾದರೆ ಮಣಿಯಾಗಿ ಓಡುತ್ತದೆ. ಆಗ ಹಿಟ್ಟು ಎರೆಯಬೇಕು. “ಕಾವಲಿ ನಿನಗೆ ಒಲಿದುಂಟು ಮಾರಾಯ್ತಿ” ಎಂದು ಅಕ್ಕ ಹೇಳಿದರೆ ನಾನು ಉಬ್ಬುತ್ತಿದ್ದೆ.

ಶಾಲೆ ಶುರುವಾಗುವ ಹಿಂದಿನ ದಿನ, ಇಬ್ಬರ ದೋಸೆಯನ್ನೂ ನೋಡುತ್ತೇನೆಂದು ಅಪ್ಪ ಎಲೆಯ ಮುಂದೆ ಕೂತರು. ಮೊದಲು ಅಕ್ಕ ಎರೆದಳು. ದೋಸೆ ಏಳಲೇ ಇಲ್ಲ. ಕೆರೆದು ತೆಗೆದರೆ ಬರೀ ಚಿಂದಿ. ತನಗೆ ಇದು ಆಗಿಬರುವುದಿಲ್ಲ ಎಂದು ಅವಳು ನನ್ನನ್ನು ಕರೆದಳು.

ನೋಡಿದರೆ ಕಾವಲಿ ಬೂದು ಬಣ್ಣಕ್ಕೆ ತಿರುಗಿತ್ತು. ಚಿಮುಕಿಸಿದ ನೀರು ಉರುಳದೆ ಅಲ್ಲೇ ಹರಡಿ ಕೂತಿತು. ಯಾರೋ ತಿಳಿಯದೆ ತೊಳೆದಿದ್ದಾರೆ ಎಂದುಕೊಂಡೆ. ತೆಂಗಿನ ನಾರಿನಲ್ಲಿ ಎಣ್ಣೆ ಉಜ್ಜಿದೆ, ಹೊಗೆ ಬರುವಷ್ಟು ಕಾಯಿಸಿದೆ, ಮತ್ತೆ ಉಜ್ಜಿದೆ. ಕಣ್ಣಲ್ಲಿ ನೀರು ಸುರಿಯಿತು. ಮೊದಲಿನ ದೋಸೆಗಳು ದನದ ಬಾನಿಗೆ ಹೋದವು. ಆಮೇಲೆ ಒಂದು ಎದ್ದಿತು, ಒಗೆದ ಬಟ್ಟೆಯ ಹಾಗೆ ಬೆಳ್ಳಗೆ, ತೆಳ್ಳಗೆ.

ಅಪ್ಪ ಹೊಟ್ಟೆ ತುಂಬ ತಿಂದರು. ಕೈ ತೊಳೆಯುತ್ತಾ ಅಮ್ಮನಿಗೆ ಹೇಳಿದರು: “ಸಣ್ಣವಳಿಗೆ ಕೈ ಕೂಡ್ತದೆ. ಇವಳು ಮನೆಯಲ್ಲಿರ್ಲಿ. ದೊಡ್ಡವಳು ಪುತ್ತೂರಿಗೆ ಹೋಗ್ಲಿ, ಮಾವನಲ್ಲಿ ನಿಂತು ಓದ್ಲಿ.”

ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಅವಳ ಉಗುರಿನ ಸಂದಿಯಲ್ಲಿ ಕಾವಲಿಯ ಕರಿ ಇತ್ತು.

“ತಿಕ್ಕಿದ್ದು ನೀನಾ?” ಎಂದು ಕೇಳಿದೆ.

“ತಿಕ್ಕದಿದ್ರೆ ನನ್ನ ದೋಸೆಯೂ ಏಳ್ತಿತ್ತಲ್ಲ” ಎಂದಳು.

ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಮಕ್ಕಳೇ, ನಿಮ್ಮ ಮನೆಯ ತವಕ್ಕೆ ಅಂಗಡಿಯಲ್ಲೇ ದೋಸೆ ಅಂಟದ ಹಾಗೆ ಕಪ್ಪು ಬಳಿದು ಕೊಡುತ್ತಾರೆ. ಯಾರು ಎರೆದರೂ ದೋಸೆ ಏಳುತ್ತದೆ. ದೋಸೆ ನೋಡಿ ಯಾರ ಶಾಲೆಯನ್ನೂ ಬಿಡಿಸುವುದಿಲ್ಲ. ಅಕ್ಕ, ತಂಗಿ ಒಂದೇ ವ್ಯಾನಿನಲ್ಲಿ ಜಗಳವಾಡುತ್ತಾ ಶಾಲೆಗೆ ಹೋಗುತ್ತೀರಿ. ಹಾಗೇ ಆಗಬೇಕು.

ಅಪ್ಪ ಹಾಗೆ ಹೇಳಿದ ಮರುದಿನ ಬೆಳಿಗ್ಗೆ ಅಕ್ಕ ಪುತ್ತೂರಿನ ಬಸ್ಸಿಗೆ ಹೊರಟಳು. ನಾನು ಅಂಗಳಕ್ಕೂ ಇಳಿಯಲಿಲ್ಲ. ಕಾವಲಿಯನ್ನು ಬಚ್ಚಲಿಗೆ ಒಯ್ದು, ಬೂದಿ, ಹೊಳೆಯ ಹೊಯಿಗೆ ಹಾಕಿ, ಕಬ್ಬಿಣ ಬೆಳ್ಳಗಾಗುವ ತನಕ ತಿಕ್ಕಿದೆ. ಅಪ್ಪ ದೋಸೆಗೆಂದು ಬಂದು ಕೂತರು. ಗಂಜಿ ಬಡಿಸಿದೆ.