ಅಕ್ಕನ ಫ್ರೆಂಚ್ ಪ್ಲೇಟಿಗೆ ಇಟ್ಟ ಕುಂಕುಮ

ಅಕ್ಕನ ಹತ್ತಿರ ಒಂದು ಫ್ರೆಂಚ್ ಹಾಡಿನ ಗ್ರಾಮಫೋನ್ ಪ್ಲೇಟಿತ್ತು. ಅಮೆರಿಕದ ಜರ್ಸಿ ಸಿಟಿಯ ಆಸ್ಪತ್ರೆಯಲ್ಲಿ ಅವಳ ಜೊತೆ ನರ್ಸಾಗಿದ್ದ ಹೈಟಿ ದೇಶದ ಹೆಂಗಸು ಊರು ಬಿಟ್ಟು ಹೋಗುವಾಗ ಕೊಟ್ಟದ್ದು. ಹೊದಿಕೆಯ ಮೇಲೆ ಹಾಡುಗಾರ್ತಿ ಹ್ಯಾಟು ಹಾಕಿಕೊಂಡು ಮರದ ಬೇಲಿಗೆ ಒರಗಿ ನಿಂತಿದ್ದಳು. ಫ್ರಾನ್ಸಿನಲ್ಲಿ ದೊಡ್ಡ ಹೆಸರಂತೆ. ಈ ಪ್ಲೇಟಿಗೆ ಮಾತ್ರ ಅಮೆರಿಕದ ಹಳ್ಳಿ ಕಡೆಯ ಕಂಟ್ರಿ ಸಂಗೀತ ಹಿಡಿದಿದ್ದಳಂತೆ.

"ಮಾತು ಫ್ರೆಂಚು, ಗಿಟಾರು ದನ ಕಾಯೋರದು ಕಣೇ" ಎಂದು ಅಕ್ಕ ನಗುತ್ತಿದ್ದಳು.

"ನಿನಗೇನು ಅರ್ಥವಾಗುತ್ತೆ?"

"ಒಂದಕ್ಷರಾನೂ ಇಲ್ಲ. ಅದಕ್ಕೇ ಸುಖ. ಡ್ಯೂಟೀಲಿ ಎಲ್ಲರ ಮಾತೂ ಅರ್ಥ ಮಾಡಿಕೊಂಡು ಸಾಕಾಗಿರುತ್ತೆ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಗಂಡ ಬಿಟ್ಟ ಮೇಲೆ ಮೈಸೂರಿನಲ್ಲಿ ಯಾರ ಮನೆಯಲ್ಲೂ ನೆಲೆಯಿಲ್ಲದ ನನ್ನನ್ನು ಅಕ್ಕ ಟಿಕೆಟ್ ಕಳಿಸಿ ಕರೆಸಿಕೊಂಡಳು. ತನ್ನ ಮೂರು ವರ್ಷದ ಮಗಳನ್ನು ನೋಡಿಕೋ ಅಂದಳೇ ಹೊರತು ಒಂದು ದಿನವೂ ಕೆಲಸದವಳ ಹಾಗೆ ಕಾಣಲಿಲ್ಲ. ಬಸ್ಸಿನ ಬೋರ್ಡು ಓದುವುದು, ಸ್ನೋ ಮೇಲೆ ಜಾರದೆ ನಡೆಯುವುದು, ಎಲ್ಲ ಅವಳೇ ಕಲಿಸಿದ್ದು.

ಆ ವರ್ಷದ ಆಯುಧಪೂಜೆಯ ದಿನ ಅಕ್ಕ ಡ್ಯೂಟಿಗೆ ಹೋಗಿದ್ದಳು. ನಾನು ಈಳಿಗೆಮಣೆಗೆ, ಹೊಲಿಗೆ ಮೆಷಿನ್ನಿಗೆ, ರೆಕಾರ್ಡ್ ಪ್ಲೇಯರಿಗೆ ಅರಿಶಿನ ಕುಂಕುಮ ಇಟ್ಟೆ. ಅಕ್ಕನಿಗೆ ಅಷ್ಟು ಇಷ್ಟವಾದ ಪ್ಲೇಟನ್ನು ಬಿಡುವುದು ಹೇಗೆ? ಅದಕ್ಕೂ ನೀರಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು ಅಕ್ಷತೆ ಹಾಕಿದೆ. ಸಂಜೆ ನೋಡಿದರೆ ಒಣಗಿ ಗೆರೆಗಳೊಳಗೆ ಕೂತುಬಿಟ್ಟಿತ್ತು. ಗಾಬರಿಯಲ್ಲಿ ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದೆ. ಕುಂಕುಮ ಹೋಯಿತು, ಗೀರು ಬಿತ್ತು.

ಮಾರನೆಯ ದಿನ ಅಕ್ಕ ಹಾಡು ಹಾಕಿದಾಗ ಮುಳ್ಳು ಕಟಕಟ ಎಂದು ಒಂದೇ ಕಡೆ ಹಾರಿತು.

"ಯಾರೇ ಮುಟ್ಟಿದ್ದು ಇದನ್ನ?"

ವಾಪಸ್ ಕಳಿಸಿಬಿಟ್ಟರೆ ಎಂಬ ಹೆದರಿಕೆ. "ಮಗು ಆಡ್ತಿತ್ತು" ಅಂದುಬಿಟ್ಟೆ.

ಅಕ್ಕ ಹೊಡೆಯುವವಳಲ್ಲ. ಅಂದು ಮಗುವಿನ ಕೈಮೇಲೆ ಒಂದು ಪೆಟ್ಟು ಕೊಟ್ಟಳು. "ಸಾರಿ ಮಮ್ಮಿ" ಎಂದಿತು ಮಗು. ತಾನಲ್ಲ ಎನ್ನಲು ಅದಕ್ಕೆ ತೋಚಲೇ ಇಲ್ಲ.

ಅಲ್ಲಿಂದಾಚೆಗೆ ಅದು ಪ್ಲೇಯರಿನ ಮುಂದೆ ಹೋಗುವಾಗೆಲ್ಲ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿತ್ತು. ನನಗೆ ಕೇಳಲೆಂದು "ಐ ಆಮ್ ನಾಟ್ ಟಚಿಂಗ್" ಅನ್ನುತ್ತಿತ್ತು. ಅದೇ ಕೈಗೆ ನಾನು ತುತ್ತು ಕೊಡಬೇಕು. ಒಂದು ಭಾನುವಾರ ತಡೆಯಲಾಗಲಿಲ್ಲ, ಅಡುಗೆಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.

ಅವಳು ಒಲೆ ಆರಿಸಿ ನನ್ನನ್ನೇ ನೋಡಿದಳು. "ಕುಂಕುಮ ಇಟ್ಟಿದ್ದಕ್ಕೆ ಬೈಯಲ್ಲ. ನನ್ನ ಕೈಯಲ್ಲಿ ಮಗೂಗೆ ಹೊಡೆಸಿದೆಯಲ್ಲೇ."

"ಊರಿಗೆ ಕಳಿಸ್ತೀಯಾ ಅಕ್ಕಾ?"

"ಹುಚ್ಚೀ, ಎಲ್ಲಿಗೆ ಕಳಿಸಲಿ? ಇದೇ ನಿನ್ನ ಮನೆ. ನಡಿ, ಅವಳಿಗೆ ಹೇಳು. ನಾನೂ ಬರ್ತೀನಿ, ಹೊಡೆದವಳು ನಾನಲ್ವಾ?"

ಇಬ್ಬರೂ ಮಗುವಿನ ಮುಂದೆ ಕಾರ್ಪೆಟ್ಟಿನ ಮೇಲೆ ಕೂತೆವು. "ಪ್ಲೇಟು ಕೆಡಿಸಿದ್ದು ನೀನಲ್ಲ ಪುಟ್ಟಾ, ಈ ಚಿಕ್ಕಮ್ಮ" ಎಂದೆ.

"ನಾಟ್ ಮೀ?"

"ನೀನಲ್ಲ."

ಅದು ಎದ್ದು ಓಡಿ ಎರಡು ಅಂಗೈಯನ್ನೂ ಪ್ಲೇಯರಿನ ಮುಚ್ಚಳದ ಮೇಲೆ ಊರಿ ನಿಂತಿತು. ಆ ಮನೆಯಲ್ಲಿ ನನಗೆ ಸಿಕ್ಕಿದ್ದಕ್ಕೆಲ್ಲ ಕೈಮುಗಿಯಬೇಕು ಅನ್ನಿಸಿದಾಗ ಈಗಲೂ ಕಣ್ಣಮುಂದೆ ಬರುವುದು ಆ ಎರಡು ಅಂಗೈ. ಅಕ್ಕ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಪ್ಲೇಟನ್ನು ಮಗುಚಿ ಹಾಕಿದಳು. ಆ ಬದಿಗೆ ನಾನು ಕುಂಕುಮ ಇಟ್ಟಿರಲಿಲ್ಲ.