ಬುಡನ್‌ಸಾಬರು ತುಳಿದ ನೆಲ

ಪಾಯ ತೋಡಿದ ಮೇಲೆ ಚಪ್ಪಲಿ ಬಿಟ್ಟು ಗುಂಡಿಗಿಳಿದು, ಎರಡೂ ಪಾದಗಳಲ್ಲಿ ನೆಲ ತುಳಿದು ನೋಡದೆ ಬುಡನ್‌ಸಾಬರು ಒಂದು ಕಲ್ಲನ್ನೂ ಇಡುತ್ತಿರಲಿಲ್ಲ. ಜಗಳೂರಿನ ಗೌಂಡಿ, ನಮ್ಮೂರು ಸೊಕ್ಕೆಯ ಅರ್ಧ ಮನೆಗಳು ಅವರು ಕಟ್ಟಿದವು. ಯಾಕೆ ಸಾಬ್ರೇ ಹಿಂಗೆ ತುಳಿಯೋದು ಎಂದರೆ ಸಾಕು, ಶುರು: ಅಡಿ ಎಂದರೆ ಕನ್ನಡದಲ್ಲಿ ಕಾಲು, ಫಾರ್ಸಿಯಿಂದ ಬಂದ ಪಾಯ ಎಂದರೂ ಕಾಲೇ, ಎರಡೂ ಕಾಲು ಕೂಡಿದರೇನೇ ಅಡಿಪಾಯ. ಕೇಳಿ ಕೇಳಿ ನನಗಂತೂ ತಲೆ ಚಿಟ್ಟು ಹಿಡಿದಿತ್ತು.

೧೯೭೯ರಲ್ಲಿ ನಾನು ಒಂಬತ್ತು ದಿನದ ಬಾಣಂತಿಯಾಗಿ ತವರಿನಲ್ಲಿದ್ದಾಗ ನನ್ನ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಅವ್ವ ಕೊಟ್ರಮ್ಮ ಬುಡನ್‌ಸಾಬರನ್ನು ಕರೆಸಿದಳು. ಗೋಡೆಯ ಬುಡ ತುಳಿದವರೇ ಮುಖ ಗಂಟಿಕ್ಕಿದರು. ದಿನಾ ನನಗೆ ಎರೆಯುತ್ತಿದ್ದ ಎರಡು ಹಂಡೆ ನೀರು ಬಚ್ಚಲಿನಿಂದ ನೇರ ಅಲ್ಲಿಗೇ ಇಳಿದು, ಎರೆಮಣ್ಣು ಅಂಬಲಿಯಾಗಿತ್ತು. ತಾಯಿ ಮಗುವನ್ನು ಈಗಲೇ ಹೊರಗೆ ಕರೆತನ್ನಿ ಎಂದರು. ಹನ್ನೊಂದು ದಿನ ತುಂಬದೆ ಬಾಣಂತಿ ಹೊಸಿಲು ದಾಟುವುದುಂಟೇ ಎಂದು ಅವ್ವ ಜಪ್ಪಯ್ಯ ಅನ್ನಲಿಲ್ಲ. ಅವರು ಬೇರೆ ದಾರಿಯಿಲ್ಲದೆ ತೊಲೆಗೊಂದು ಆನಿಕೆ ಕಂಬ ಕೊಟ್ಟು, ಇನ್ನು ಒಂದು ತೊಟ್ಟು ನೀರೂ ಬೀಳಬಾರದು ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಅವ್ವ ಕದ್ದು ನೀರೆರೆದಳು. ಎರೆಯದಿದ್ದರೆ ಬಾಣಂತಿಯ ಮೈ ಹಿಡಿದುಕೊಳ್ಳುತ್ತದಂತೆ! ನಾನಾದರೂ ಬೇಡ ಎನ್ನಬಾರದಿತ್ತೇ? ಬಿಸಿನೀರಿನ ಸುಖಕ್ಕೆ ಬಾಯಿ ಮುಚ್ಚಿಕೊಂಡಿದ್ದೆ.

ಮಗುವಿಗೆ ಹಾಲು ಕುಡಿಸುತ್ತಿದ್ದಾಗ ತೊಲೆ ಕಿರ್ರೆಂದಿತು. ಆನಿಕೆ ಕಂಬದ ಬುಡ ನೆಲದೊಳಗೆ ಇಳಿಯುತ್ತಿತ್ತು. ಗೋಡೆ ನೋಡಿಹೋಗಲು ಬಂದಿದ್ದ ಬುಡನ್‌ಸಾಬರು ಒಳನುಗ್ಗಿ ತೊಲೆಗೆ ಹೆಗಲು ಕೊಟ್ಟರು. ಅವ್ವ ಗರಬಡಿದವಳಂತೆ ಹೊಸಿಲಿಗೆ ಅಡ್ಡ ನಿಂತಿದ್ದಳು.

“ಕೊಟ್ರಕ್ಕ, ದಾರಿ ಬಿಡ್ರಿ. ಹೆಚ್ಚೊತ್ತು ತಡಿಯಾಕೆ ಆಗಲ್ಲ ನನಗೆ.”

ಅವಳನ್ನು ತಳ್ಳಿಕೊಂಡೇ ಮಗುವಿನೊಂದಿಗೆ ಹೊರಬಿದ್ದೆ. ಹಿಂದೆಯೇ ಗೋಡೆ ಕುಸಿಯಿತು. ಬುಡನ್‌ಸಾಬರೂ ಹೊರಗೆ ಹಾರಿದರು, ಬಲಗಾಲು ಮಾತ್ರ ಕಲ್ಲುಗಳಡಿ ಸಿಕ್ಕಿಬಿತ್ತು. ಆಸ್ಪತ್ರೆಯಲ್ಲಿ ಪಾದ ತೆಗೆಯಬೇಕಾಯಿತು.

ಆರು ತಿಂಗಳ ಮೇಲೆ ಅದೇ ಗೋಡೆಗೆ ಪಾಯ ತೋಡಿಸಲು ಅವರೇ ಬಂದರು, ಕಂಕುಳಲ್ಲಿ ಕೋಲು. ಅವರಿಗೆ ಮುಖ ತೋರಿಸುವ ಧೈರ್ಯವಿಲ್ಲದೆ ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವರು ಎಡಗಾಲಿನ ಚಪ್ಪಲಿ ಬಿಟ್ಟು, ಆಳುಗಳ ಕೈ ಹಿಡಿದು ಗುಂಡಿಗಿಳಿದರು. ತುಳಿದು ನೋಡಿ ಬಾಗಿಲ ಕಡೆ ತಿರುಗಿದರು.

“ಒಂದ್ ಕಾಲಿಗೆ ಗೊತ್ತಾಗಲ್ಲ ಕೊಟ್ರಕ್ಕ. ನೀವೂ ಇಳೀರಿ.”

ಅವ್ವ ಇಳಿದು ಅವರ ಪಕ್ಕದಲ್ಲಿ ನೆಲ ತುಳಿದಳು. ಹೆಂಗೈತೆ ಎಂದು ಅವರು ಕೇಳಿದರು. ಅವಳು ಆ ಮೂಲೆಯಿಂದ ಈ ಮೂಲೆಯವರೆಗೂ ತುಳಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಟ್ಟಿ ಐತೆ ಅಂದಳು. ಅವಳ ಮಾತಿನ ಮೇಲೆ ಬುಡನ್‌ಸಾಬರು ಮೊದಲ ಕಲ್ಲು ಇಡಿಸಿದರು.